ನಿಮಗಿದು ಗೊತ್ತೆ? ಕಾಡಿನ ಜೇನಿಗೂ ಹಕ್ಕುಪತ್ರ!

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ, ಕಲ್ಲುಹೂವುಗಳನ್ನು ತಲೆಮಾರುಗಳಿಂದ ಸಂಗ್ರಹಿಸುತ್ತ ಬಂದವರು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾದ ಮೇಲೆ ಅಭಯಾರಣ್ಯದಲ್ಲಿ ಮಾರಾಟಕ್ಕಾಗಿ ಇವನ್ನು ತೆಗೆಯುವಂತಿಲ್ಲ ಎಂದಾಯಿತು. ಮನೆ ನಡೆಸುತ್ತಿದ್ದ ಆದಾಯಕ್ಕೇ ಕತ್ತರಿ ಬಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ಒಡೆತನ, ಸಂಗ್ರಹ, ಮಾರಾಟದ ಹಕ್ಕನ್ನು ಅರಣ್ಯವಾಸಿಗಳಿಗೆ ಕೊಟ್ಟಿತು. ಬಿದಿರು, ಬೆತ್ತವೂ ಆ ಪಟ್ಟಿಯಲ್ಲಿವೆ. 2011ರಲ್ಲಿ ಸೋಲಿಗರಿಗೆ ಸಾಮುದಾಯಿಕ ಹಕ್ಕುಪತ್ರ ಸಿಕ್ಕಿತು. ಹುಲಿ ಮೀಸಲು ಪ್ರದೇಶದೊಳಗೆ ಇಂಥ ಮಾನ್ಯತೆ ದೇಶದಲ್ಲೇ ಮೊದಲು! 2013-14ರಲ್ಲಿ ಕೇಂದ್ರ ಸರ್ಕಾರ ಕಿರು ಅರಣ್ಯ ಉತ್ಪನ್ನಗಳಿಗೂ ಕನಿಷ್ಠ ಬೆಂಬಲ ಬೆಲೆ ಯೋಜನೆ ತಂದಿತು. ಇವುಗಳನ್ನು ಖರೀದಿಸುವ ಗಿರಿಜನರ ‘ಲ್ಯಾಂಪ್ಸ್’ ಸಹಕಾರ ಸಂಘಗಳಿವೆ. ಮುಂದಿನ ಸಲ ಜೇನು ಕೊಳ್ಳುವಾಗ ಅವರದನ್ನೇ ಕೇಳಿ ಪಡೆಯಿರಿ.