ಮೊಣಕಾಲಿನ ಸದ್ದು: ಯಾವುದಕ್ಕೆ ಹೆದರಬೇಕು?

ನಮ್ಮ ದಾದಿ ನಮಾಜಿನಲ್ಲಿ ಸಜ್ದಾದಿಂದ ಏಳುವಾಗ ಅವರ ಮೊಣಕಾಲು ಕಟಕಟ ಎನ್ನುತ್ತದೆ. ಕೇಳಿದರೆ "ವಯಸ್ಸಾಯಿತು ಬೇಟಾ, ನೋವೇನಿಲ್ಲ" ಎಂದು ನಗುತ್ತಾರೆ. ಹಾಗಾಗಿ ಕಳೆದ ಡಿಸೆಂಬರಿನಲ್ಲಿ ಫುಟ್‌ಬಾಲ್ ಆಡುತ್ತಾ ಥಟ್ಟನೆ ತಿರುಗಿದಾಗ ನನ್ನ ಮೊಣಕಾಲಿನಲ್ಲಿ "ಟಪ್" ಎಂದದ್ದನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ರಾತ್ರಿಯೊಳಗೆ ಕಾಲು ಊದಿಕೊಂಡಿತು. ಅಬ್ಬಾ ಆಟ ಬಿಡಿಸುತ್ತಾರೆಂದು ಹೆದರಿ, ಮುಲಾಮು ಹಚ್ಚಿಕೊಂಡು ಮೂರು ವಾರ ಮುಚ್ಚಿಟ್ಟೆ. ಒಂದು ದಿನ ಮೆಟ್ಟಿಲು ಇಳಿಯುವಾಗ ಕಾಲು ಕುಸಿದು ಬಿದ್ದಾಗಲೇ ವಿಷಯ ಹೊರಬಿತ್ತು.

ಎರಡೂ ಸದ್ದುಗಳು ಒಂದೇ ಅಲ್ಲ ಎಂದು ವೈದ್ಯರು ತಿಳಿಸಿದರು. ನಾನು ಕಾಮರ್ಸ್ ವಿದ್ಯಾರ್ಥಿ. ಅರ್ಥವಾದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊಣಕಾಲಿನಲ್ಲಿ ತೊಡೆಯ ಮೂಳೆ, ಕಣಕಾಲಿನ ಮೂಳೆ ಮತ್ತು ಮೊಣಕಾಲು ಚಿಪ್ಪು ಸೇರುತ್ತವೆ. ಮೂಳೆಗಳು ಉಜ್ಜದಂತೆ ನುಣುಪಾದ ಮೃದ್ವಸ್ಥಿಯೂ ಎಣ್ಣೆಯಂತಹ ದ್ರವವೂ ಇವೆ. ಕೀಲು ಹಿಗ್ಗಿದಾಗ ದ್ರವದ ಒತ್ತಡ ಇಳಿದು, ಅದರಲ್ಲಿ ಕರಗಿದ ಅನಿಲದಿಂದ ಗುಳ್ಳೆ ಉಂಟಾಗಿ ಸದ್ದು ಬರಬಹುದು. ಬೆರಳಿನ ನೆಟಿಗೆ ಮುರಿದಾಗ ಆಗುವುದೂ ಇದೇ. ಸ್ನಾಯುವಿನ ತುದಿ ಮೂಳೆಯ ಉಬ್ಬಿನ ಮೇಲೆ ಜಾರಿದರೂ ಸದ್ದಾಗುತ್ತದೆ. ನೋವು, ಊತ ಇಲ್ಲದಿದ್ದರೆ ಇವು ಸಾಮಾನ್ಯವಾಗಿ ಅಪಾಯಕಾರಿಯಲ್ಲ. ವಯಸ್ಸಾದವರಲ್ಲಿ ಸದ್ದಿನ ಜೊತೆಗೆ ನೋವು, ಬಿಗಿತ ಇದ್ದರೆ ಮೃದ್ವಸ್ಥಿ ಸವೆದಿರಬಹುದು.

ಆಟದಲ್ಲಿ ತಿರುಗಿದಾಗ ಅಥವಾ ಹಾರಿ ಇಳಿದಾಗ ಒಮ್ಮೆಲೇ "ಟಪ್" ಎಂದು, ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ, ಎಸಿಎಲ್ ಎಂಬ ಅಸ್ಥಿರಜ್ಜು ಹರಿದಿರುವ ಸಂಭವವಿದೆ. ಮೂಳೆಗಳನ್ನು ಹಿಡಿದಿಡುವ ಹಗ್ಗವಿದು. ಕಾಲು ಸಿಕ್ಕಿಹಾಕಿಕೊಂಡಂತಾಗಿ ನೆಟ್ಟಗಾಗದಿದ್ದರೆ ಮೂಳೆಗಳ ನಡುವಿನ ಮೆತ್ತೆಯಾದ ಮೆನಿಸ್ಕಸ್ ಹರಿದಿರಬಹುದು.

ನನ್ನ ಎಂಆರ್‌ಐನಲ್ಲಿ ಎರಡೂ ಹರಿದಿದ್ದವು. ರಜ್ಜು ಹರಿದ ಕಾಲು ಪದೇ ಪದೇ ಕುಸಿದರೆ ಮೆನಿಸ್ಕಸ್‌ಗೂ ಪೆಟ್ಟಾಗುತ್ತದಂತೆ. ಮೊದಲ ದಿನವೇ ಹೇಳಿದ್ದರೆ ಅದಾದರೂ ಉಳಿಯುತ್ತಿತ್ತೇನೋ.

ಗೆಳೆಯರೇ, ಇಂತಹ ಪೆಟ್ಟಾದರೆ ತಕ್ಷಣ ಆಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು 15-20 ನಿಮಿಷ ಇಡಿ. ಕಾಲನ್ನು ದಿಂಬಿನ ಮೇಲೆ ಎತ್ತರಿಸಿ. ಮಾಲೀಶು, ಬಿಸಿ ಶಾಖ ಬೇಡ. ಕಾಲೂರಲು ಆಗದಿದ್ದರೆ, ಊತ ಬಂದರೆ, ಕಾಲು ಕುಸಿದರೆ ಮೂಳೆ ವೈದ್ಯರಿಗೆ ತೋರಿಸಿ. ಮುಖ್ಯವಾಗಿ, ಅಂದೇ ಪಿಟಿ ಸರ್‌ಗೂ ಮನೆಯಲ್ಲೂ ಹೇಳಿ.

ಅಬ್ಬಾ ಬೈಯಲೇ ಇಲ್ಲ. "ಮೊದಲೇ ಯಾಕೆ ಹೇಳಲಿಲ್ಲ?" ಎಂದಷ್ಟೇ ಕೇಳಿದರು. ಈಗ ನಾನು ಕುರ್ಚಿಯಲ್ಲಿ ಕುಳಿತು ನಮಾಜ್ ಮಾಡುತ್ತೇನೆ. ದಾದಿಗೆ ಇನ್ನೂ ಕುರ್ಚಿ ಬೇಕಾಗಿಲ್ಲ.