ವಿಭಾವನೆಯೂ ಗಂಧಕಲೆಯೂ

ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ವಿಂಗಡಿಸಿದ ಆಲಂಕಾರಿಕರು ಘ್ರಾಣೇಂದ್ರಿಯಕ್ಕೆ ಅಲ್ಲಿ ಸ್ಥಾನವನ್ನು ಕಲ್ಪಿಸಲಿಲ್ಲ. ವಾಸನೆಯೂ ಕಲೆಗೆ ಮಾಧ್ಯಮವಾಗಬಲ್ಲುದೇ ಎಂಬ ಪ್ರಶ್ನೆಯು ಬೆಂಗಳೂರಿನ ಹೊರವಲಯವಾದ ಯಲಹಂಕದಲ್ಲಿ 2009ರಲ್ಲಿ ನಡೆದ ಪ್ರಯೋಗವೊಂದರಿಂದ ವಿಚಾರಾರ್ಹವಾಗಿದೆ.

1996ರಲ್ಲಿ ಸ್ಥಾಪಿತವಾದ ಸೃಷ್ಟಿ ಕಲಾವಿದ್ಯಾಸಂಸ್ಥೆಯಲ್ಲಿ ಕಲಾವಿದರೂ ಬೋಧಕರೂ ಆಗಿದ್ದ ಶ್ರೀ ಯಶಸ್ ಶೆಟ್ಟಿಯವರು ವಿದ್ಯುನ್ಮಾನ ಉಪಕರಣಗಳನ್ನೂ ಸೂಕ್ಷ್ಮಜೀವಿಗಳನ್ನೂ ಕಲೆಯ ಉಪಾದಾನಗಳಾಗಿ ಗ್ರಹಿಸಿದರು. ಅವರು ಅದೇ ವರ್ಷ ಇತರರೊಡನೆ ಸ್ಥಾಪಿಸಿದ ‘ಹ್ಯಾಕ್ಟೀರಿಯಾ’ ಎಂಬ ಕೂಟವು, ಗಣಕಯಂತ್ರಕ್ಕೆ ಜೋಡಿಸುವ ಅಗ್ಗದ ಕ್ಯಾಮೆರಾದ ಮಸೂರವನ್ನು ತಿರುಗಿಸಿಟ್ಟು ಸೂಕ್ಷ್ಮದರ್ಶಕವನ್ನು ಮಾಡಿಕೊಳ್ಳುವ ಕ್ರಮವನ್ನು ಬಳಕೆಗೆ ತಂದಿತು. ಸೃಷ್ಟಿಯ ವಿದ್ಯಾರ್ಥಿಗಳಾದರೋ ಅವರ ಮಾರ್ಗದರ್ಶನದಲ್ಲಿ, ಮಳೆ ಬಿದ್ದ ನೆಲದ ವಾಸನೆಗೆ ಮುಖ್ಯಕಾರಣವಾದ ‘ಜಿಯೋಸ್ಮಿನ್’ ಎಂಬ ದ್ರವ್ಯವನ್ನು ಉತ್ಪಾದಿಸುವಂತೆ, ಕರುಳಿನಲ್ಲಿ ವಾಸಿಸುವ ‘ಇ. ಕೋಲೈ’ ಜೀವಿಯನ್ನು ಮಾರ್ಪಡಿಸುವ ಕಾರ್ಯವನ್ನು ಕೈಗೊಂಡು, ಅಮೆರಿಕೆಯ ಎಂ.ಐ.ಟಿ.ಯಲ್ಲಿ ಜರುಗಿದ ‘ಐಜೆಮ್’ ಸ್ಪರ್ಧೆಯಲ್ಲಿ ಅದನ್ನು ಮಂಡಿಸಿದರು.

ಗಂಧವು ಪೃಥಿವಿಯ ವಿಶೇಷಗುಣವೆಂದು ವೈಶೇಷಿಕರ ಮತ. ಜಿಯೋಸ್ಮಿನ್ ಎಂಬ ಹೆಸರಿಗೂ ಗ್ರೀಕಿನಲ್ಲಿ ಭೂಗಂಧವೆಂದೇ ಅರ್ಥ. ಆದರೆ ಅದನ್ನು ಹುಟ್ಟಿಸುವುದು ಮಣ್ಣಲ್ಲ. ಮಣ್ಣಿನಲ್ಲಿರುವ ‘ಸ್ಟ್ರೆಪ್ಟೊಮೈಸಿಸ್’ ಮೊದಲಾದ ಸೂಕ್ಷ್ಮಜೀವಿಗಳು.

ವಾಸನೆಯು ಉದ್ದೀಪನವಿಭಾವ ಮಾತ್ರವಾಗಿರಲು ಅದನ್ನೇ ಕೃತಿಯೆನ್ನುವುದು ಹೇಗೆಂದು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವು ಅಲಂಕಾರಶಾಸ್ತ್ರದಲ್ಲಿಯೇ ಇದೆ. ಪ್ರಸಿದ್ಧಕಾರಣವಿಲ್ಲದೆ ಕಾರ್ಯವು ತೋರಿ, ಬೇರೊಂದು ಕಾರಣವು ಊಹ್ಯವಾಗುವಲ್ಲಿ ವಿಭಾವನಾಲಂಕಾರವು. ಮಳೆಯೂ ಮಣ್ಣೂ ಇಲ್ಲದೆ ಗಾಜಿನ ಪಾತ್ರೆಯಿಂದ ಮಳೆನೆಲದ ವಾಸನೆಯನ್ನು ಹೊಮ್ಮಿಸಹೊರಟ ಈ ಪ್ರಯೋಗದ ಚಮತ್ಕಾರವೂ ಅದೇ. ನೆಲವೆಲ್ಲ ಕಾಂಕ್ರೀಟಿನಿಂದ ಮುಚ್ಚಿಹೋಗುತ್ತಿರುವ ಊರಿನಲ್ಲಿ ಈ ವಿಭಾವನೆಯು ಬರಿಯ ಉಕ್ತಿವೈಚಿತ್ರ್ಯವಾಗಿ ಉಳಿಯದೆ, ಸಹೃದಯನಲ್ಲಿ ಶೋಕವನ್ನೂ ಉದ್ಬೋಧಿಸಬಲ್ಲುದು.