ದೊಡ್ಡ ಹಾಡುಗಾರ್ತಿ ಅಂದರೆ ಯಾರು?

ಶಿರವಾಳ ಶಹಾಪುರ ತಾಲ್ಲೂಕಿನ ಒಂದು ಊರು. ಅಲ್ಲಿ ಹಳೆಯ ಕಲ್ಲಿನ ಗುಡಿಗಳಿವೆ. ಆ ಊರಿನ ಒಂದು ಓಣಿ. ರಾತ್ರಿ ಊಟ ಮುಗಿದಿದೆ. ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಸೇರಿದ್ದಾರೆ. ಅಂದಿನ ಓದು ಮುಗಿಯಿತು. ಹಾಡಿನ ಮಾತು ಬಂತು.

“ಹಾಡು ಅಂದ್ರ ಲತಾ ಮಂಗೇಶ್ಕರ್ ಹಾಡು ನೋಡ್ರಿ. ಏನ್ ಸಣ್ಣ ದನಿ!” ಅಂದಳು ಒಬ್ಬಾಕೆ.

“ನನಗ ಎಸ್. ಜಾನಕಿ ಹಾಡು ಬಾಳ ಸೇರ್ತಾವ” ಅಂದಳು ಇನ್ನೊಬ್ಬಾಕೆ.

“ಸಿನಿಮಾದವ್ರು ಇರ್ಲಿ. ನಮ್ಮವ್ವ ಬೀಸೋಮುಂದ ಹಾಡ್ತಿದ್ದಳು. ಕೇಳಿದ್ರ ಕಣ್ಣಾಗ ನೀರು ಬರ್ತಿತ್ತು” ಅಂದಳು ಮತ್ತೊಬ್ಬಾಕೆ.

ಮೂಲೆಯಲ್ಲಿ ಕೂತಿದ್ದ ಒಬ್ಬ ತಂಗಿ ಮೆಲ್ಲಗೆ ಹೇಳಿದಳು: “ನನ್ನ ದನಿ ದಪ್ಪ ಅದ ಅಕ್ಕಾ. ಗಂಡಸರ ದನಿ ಇದ್ದಂಗ. ಮದುವ್ಯಾಗ ಸೋಬಾನ ಹಾಡಿದ್ರ ಎಲ್ಲಾರೂ ನಕ್ಕರು. ಅವತ್ತಿನಿಂದ ಹಾಡೋದು ಬಿಟ್ಟೀನಿ.”

ಎಲ್ಲರೂ ಸುಮ್ಮನಾದರು. ಆಗ ಓದು ಕಲಿಸುವ ಅಕ್ಕ ಹೇಳಿದಳು: “ಹಂಗಾದ್ರ ನಿನಗ ಗಂಗೂಬಾಯಿ ಅವರ ಕತಿ ಹೇಳಬೇಕು ತಂಗಿ.”

ಆ ಕತೆಯನ್ನು ನಾವೂ ಓದೋಣ. ಒಳ್ಳೆಯ ಹಾಡಿಗೆ ಏನೇನು ಬೇಕು ಎಂಬುದನ್ನೂ ತಿಳಿಯೋಣ.

ಧಾರವಾಡದ ಹುಡುಗಿ

ಗಂಗೂಬಾಯಿ ಹಾನಗಲ್ ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ತಾಯಿಯ ಹೆಸರು ಅಂಬಾಬಾಯಿ. ಅಂಬಾಬಾಯಿ ಚೆನ್ನಾಗಿ ಹಾಡುತ್ತಿದ್ದರು. ಮನೆಯಲ್ಲಿ ಹಾಡು ಇತ್ತು. ಆದರೆ ಊರಿನಲ್ಲಿ ಮರ್ಯಾದೆ ಇರಲಿಲ್ಲ.

ಆ ಕಾಲದಲ್ಲಿ ಹಾಡುವ ಹೆಣ್ಣುಮಕ್ಕಳನ್ನು ಜನ ಕೀಳಾಗಿ ನೋಡುತ್ತಿದ್ದರು. ಅವರ ಹಾಡು ಬೇಕು, ಅವರು ಬೇಡ. ಗಂಗೂಬಾಯಿ ಓಣಿಯಲ್ಲಿ ನಡೆದರೆ ಕೆಲವರು “ಗಾನೇವಾಲಿ” ಎಂದು ಹಂಗಿಸುತ್ತಿದ್ದರು. ಒಮ್ಮೆ ಆಕೆ ಪಕ್ಕದವರ ತೋಟದಲ್ಲಿ ಮಾವಿನಕಾಯಿ ಕಿತ್ತಳು. ತೋಟದವರಿಗೆ ಸಿಟ್ಟು ಬಂತು. ಕಾಯಿ ಹೋಯಿತು ಅಂತಲ್ಲ. ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳು ಅಂತ! ಈ ಮಾತನ್ನು ಗಂಗೂಬಾಯಿ ಅವರೇ ಮುಂದೆ ದೊಡ್ಡವರಾದ ಮೇಲೆ ಹೇಳಿದ್ದರು.

1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದರು. ಅಲ್ಲಿ ಸ್ವಾಗತದ ಹಾಡು ಹಾಡಿದವರಲ್ಲಿ ಗಂಗೂಬಾಯಿಯೂ ಇದ್ದರು. ಆಗ ವಯಸ್ಸು 11. ಹಾಡುವುದಕ್ಕೆ ಆಕೆಗೆ ಅಂಜಿಕೆ ಇರಲಿಲ್ಲ. ಬೇರೆ ಅಂಜಿಕೆ ಇತ್ತಂತೆ. ಊಟ ಆದ ಮೇಲೆ ತನಗೆ ಎಂಜಲು ಎತ್ತಲು ಹೇಳುತ್ತಾರೇನೋ ಎಂದು!

ಆಕೆ ಶಾಲೆಯಲ್ಲಿ ಕಲಿತದ್ದು ಐದನೆಯ ಇಯತ್ತೆವರೆಗೆ ಮಾತ್ರ.

ದನಿ ಬದಲಾಯಿತು

ಮೊದಲು ಗಂಗೂಬಾಯಿ ಅವರ ದನಿ ಸಣ್ಣಗಿತ್ತು, ಇಂಪಾಗಿತ್ತು. 1930ರ ದಶಕದಲ್ಲಿ ಅವರ ಹಾಡಿನ ಗ್ರಾಮಫೋನ್ ತಟ್ಟೆಗಳು ಬಂದವು. ಅವುಗಳಲ್ಲಿ ಆ ಸಣ್ಣ ದನಿ ಕೇಳುತ್ತದೆ.

ಆಮೇಲೆ ಗಂಟಲಿಗೆ ಬೇನೆ ಬಂತು. ಟಾನ್ಸಿಲ್‌ಗೆ ಚಿಕಿತ್ಸೆ ಆಯಿತು. ಅದರ ನಂತರ ದನಿಯೇ ಬದಲಾಗಿ ಹೋಯಿತು. ದಪ್ಪ ಆಯಿತು. ಮುಖ ನೋಡದೆ ಕೇಳಿದವರು ಗಂಡಸರು ಹಾಡುತ್ತಿದ್ದಾರೆ ಎಂದು ತಿಳಿಯುತ್ತಿದ್ದರು.

ಯೋಚಿಸಿ ನೋಡಿ. ಹಾಡೇ ಆಕೆಯ ಕಸುಬು. ಹಾಡಿನಿಂದಲೇ ಮನೆ ನಡೆಯಬೇಕು. ತಾಯಿ ಬೇಗ ತೀರಿಕೊಂಡಿದ್ದರು. ಮೂರು ಮಕ್ಕಳನ್ನು ಸಾಕಬೇಕು. ಇಂಥ ಹೊತ್ತಿನಲ್ಲಿ ದನಿ ಹೀಗಾದರೆ ಏನು ಮಾಡಬೇಕು?

ಗಂಗೂಬಾಯಿ ಹಾಡುವುದನ್ನು ಬಿಡಲಿಲ್ಲ. ಹಳೆಯ ಸಣ್ಣ ದನಿ ತರಲು ಗಂಟಲು ಹಿಂಡಿಕೊಳ್ಳಲಿಲ್ಲ. ಇದ್ದ ದನಿಯಲ್ಲೇ ಸಾಧನೆ ಮಾಡಿದರು. ದಪ್ಪ ದನಿಗೆ ತಕ್ಕ ಹಾಗೆ ನಿಧಾನವಾಗಿ, ಗಟ್ಟಿಯಾಗಿ, ತುಂಬಿ ಹಾಡುವುದನ್ನು ರೂಢಿಸಿಕೊಂಡರು. ಕೊನೆಗೆ ಆ ದನಿಯೇ ಅವರ ಗುರುತಾಯಿತು. ಒಂದು ಸ್ವರ ಕೇಳಿದರೆ ಸಾಕು, “ಇವರು ಗಂಗೂಬಾಯಿ” ಎಂದು ಜನ ಹೇಳುತ್ತಿದ್ದರು.

ದನಿ ಹೇಗೆ ಹುಟ್ಟುತ್ತದೆ?

ನಿಮ್ಮ ಬೆರಳನ್ನು ಗಂಟಲ ಮೇಲೆ ಇಟ್ಟುಕೊಳ್ಳಿ. “ಆ” ಅನ್ನಿ. ಒಳಗೆ ಏನೋ ನಡುಗಿದ ಹಾಗೆ ಆಗುತ್ತದಲ್ಲವೆ?

ಗಂಟಲಿನ ಒಳಗೆ ಎರಡು ಸಣ್ಣ ಮಡಿಕೆಗಳಿವೆ. ಎದೆಯಿಂದ ಉಸಿರು ಮೇಲೆ ಬರುತ್ತದೆ. ಆ ಮಡಿಕೆಗಳ ನಡುವೆ ಹಾಯುತ್ತದೆ. ಆಗ ಅವು ನಡುಗುತ್ತವೆ. ಅದರಿಂದ ದನಿ ಹುಟ್ಟುತ್ತದೆ. ಬಾಯಿ, ಮೂಗು, ನಾಲಿಗೆ ಸೇರಿ ಆ ದನಿಗೆ ರೂಪ ಕೊಡುತ್ತವೆ.

ಹೆಂಗಸರು ಮಾತಾಡುವಾಗ ಈ ಮಡಿಕೆಗಳು ಒಂದು ಸೆಕೆಂಡಿಗೆ ಸುಮಾರು 200 ಸಲ ನಡುಗುತ್ತವೆ. ಗಂಡಸರಿಗೆ ಸುಮಾರು 100ರಿಂದ 125 ಸಲ. ಮಡಿಕೆ ಸಣ್ಣದಿದ್ದರೆ ಬೇಗ ಬೇಗ ನಡುಗುತ್ತದೆ, ದನಿ ಸಣ್ಣ. ಮಡಿಕೆ ಉದ್ದ, ದಪ್ಪ ಇದ್ದರೆ ನಿಧಾನ ನಡುಗುತ್ತದೆ, ದನಿ ದಪ್ಪ. ಏಕತಾರಿಯ ತಂತಿಯನ್ನು ಬಿಗಿ ಮಾಡಿದರೆ ನಾದ ಮೇಲೇರುತ್ತದೆ. ಸಡಿಲ ಮಾಡಿದರೆ ಕೆಳಗಿಳಿಯುತ್ತದೆ. ಇದೂ ಹಾಗೆಯೇ.

ಎಂದ ಮೇಲೆ ದನಿ ದಪ್ಪ ಇರುವುದು ತಪ್ಪಲ್ಲ. ಒಬ್ಬರು ಎತ್ತರ, ಒಬ್ಬರು ಗಿಡ್ಡ ಇದ್ದ ಹಾಗೆ ಅದು. ಅದಕ್ಕೆ ನಾಚಿಕೆ ಯಾಕೆ?

ಆದರೆ ದನಿಯನ್ನು ಕಾಪಾಡಿಕೊಳ್ಳಬೇಕು. ಒಲೆಯ ಹೊಗೆ ಗಂಟಲಿಗೆ ಕೆಟ್ಟದ್ದು. ತಂಬಾಕು, ಗುಟ್ಕಾ ಇನ್ನೂ ಕೆಟ್ಟವು. ಬಹಳ ಕೂಗಾಡಿದರೆ ಮಡಿಕೆಗಳು ಬಾಯುತ್ತವೆ. ನೀರು ಚೆನ್ನಾಗಿ ಕುಡಿಯಬೇಕು. ದನಿ ಬಿದ್ದು ಮೂರು ವಾರವಾದರೂ ಸರಿ ಹೋಗದಿದ್ದರೆ ಡಾಕ್ಟರಿಗೆ ತೋರಿಸಬೇಕು.

ಒಳ್ಳೆಯ ಹಾಡಿಗೆ ಏನು ಬೇಕು?

ಮೊದಲನೆಯದು ಶ್ರುತಿ. ತಂಬೂರಿ ಮೀಟಿದಾಗ ಒಂದು ನಾದ ನಿಲ್ಲುತ್ತದೆ. ನಮ್ಮ ದನಿ ಆ ನಾದಕ್ಕೆ ಕೂಡಬೇಕು. ಕೂಡಿದರೆ ಹಾಲಿಗೆ ಸಕ್ಕರೆ ಕೂಡಿದ ಹಾಗೆ. ಕೂಡದಿದ್ದರೆ ಅನ್ನದಲ್ಲಿ ಹರಳು ಸಿಕ್ಕ ಹಾಗೆ.

ಎರಡನೆಯದು ಲಯ. ಲಯ ಅಂದರೆ ನಡಿಗೆ. ಬೀಸುವಾಗ ಕಲ್ಲು ಒಂದೇ ಸಮ ತಿರುಗುತ್ತದೆ. ಹಾಡೂ ಅದರ ಜೊತೆಗೆ ತಿರುಗುತ್ತದೆ. ಕಲ್ಲು ನಿಂತರೆ ಹಾಡು ಮುಗ್ಗರಿಸುತ್ತದೆ. ಬೀಸುವ ಪದ ಹಾಡಿದವರಿಗೆ ಲಯ ಏನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಮೂರನೆಯದು ಉಸಿರು. ಎಲ್ಲಿ ಉಸಿರು ತಗೊಳ್ಳಬೇಕು, ಎಲ್ಲಿ ಹಿಡಿಯಬೇಕು ಎಂಬುದು ಗೊತ್ತಿರಬೇಕು. ಮಾತಿನ ನಡುವೆ ಉಸಿರು ಕಡಿದರೆ ಅರ್ಥವೂ ಕಡಿಯುತ್ತದೆ.

ನಾಲ್ಕನೆಯದು ಭಾವ. ಮಗಳನ್ನು ಗಂಡನ ಮನೆಗೆ ಕಳಿಸುವ ಹಾಡನ್ನು ಹೆತ್ತವಳು ಹಾಡಿದರೆ ಕೇಳಿದವರ ಎದೆ ಕರಗುತ್ತದೆ. ಆಕೆಯ ದನಿ ಇಂಪಾಗಿರಲಿ, ಬಿಡಲಿ. ಆಕೆ ಅನುಭವಿಸಿ ಹಾಡುತ್ತಾಳೆ. ಅದೇ ಭಾವ.

ಐದನೆಯದು ರಿಯಾಜು. ಅಂದರೆ ದಿನದಿನದ ಅಭ್ಯಾಸ. ಇದೇ ಎಲ್ಲಕ್ಕಿಂತ ದೊಡ್ಡದು. ರೊಟ್ಟಿ ಬಡಿಯುವುದನ್ನು ನಾವು ಒಂದೇ ದಿನದಲ್ಲಿ ಕಲಿತೆವಾ? ಮೊದಲು ಹರಿಯಿತು, ಸೀಯಿತು. ಬಡಿದು ಬಡಿದು ಕೈಗೆ ಹದ ಬಂತು. ಗಂಟಲಿಗೂ ಹದ ಹಾಗೆಯೇ ಬರುತ್ತದೆ.

ಗುರು, ರೈಲು, ರಿಯಾಜು

ಗಂಗೂಬಾಯಿ ಹಿಂದೂಸ್ತಾನಿ ಸಂಗೀತ ಕಲಿಯಲೆಂದು ಮನೆಯವರು ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂದರು. ಅವರ ದೊಡ್ಡ ಗುರು ಸವಾಯಿ ಗಂಧರ್ವರು. ಅವರು ಕುಂದಗೋಳದಲ್ಲಿ ಇದ್ದರು. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗುತ್ತಿದ್ದರು. ಪಾಠ ಕಲಿತು ಮತ್ತೆ ರೈಲು ಹತ್ತಿ ಮನೆಗೆ ಬರುತ್ತಿದ್ದರು. ಮನೆಯಲ್ಲಿ ಮಕ್ಕಳು, ಅಡಿಗೆ, ಖರ್ಚಿನ ಚಿಂತೆ ಕಾಯುತ್ತಿದ್ದವು.

ಅದೇ ಗುರುಗಳ ಹತ್ತಿರ ಗದಗ ಸೀಮೆಯ ಒಬ್ಬ ಹುಡುಗನೂ ಕಲಿಯುತ್ತಿದ್ದ. ಹಾಡಿನ ಹುಚ್ಚಿಗೆ ಮನೆ ಬಿಟ್ಟು ಓಡಿ ಹೋಗಿದ್ದ ಹುಡುಗ ಅವನು. ಸಂಜೆ ಅವನು ಗಂಗೂಬಾಯಿಯನ್ನು ರೈಲು ನಿಲ್ದಾಣದವರೆಗೆ ಕಳಿಸಲು ಬರುತ್ತಿದ್ದನಂತೆ. “ಅಕ್ಕಾ, ಇವತ್ತು ಗುರುಗಳು ನಿಮಗ ಏನು ಹೇಳಿಕೊಟ್ರು?” ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದನಂತೆ. ಆ ಹುಡುಗನೇ ಮುಂದೆ ಭಾರತರತ್ನ ಪಡೆದ ಭೀಮಸೇನ ಜೋಶಿ.

ಸವಾಯಿ ಗಂಧರ್ವರು ಒಂದು ಮಾತು ಹೇಳುತ್ತಿದ್ದರಂತೆ. ಜಿಪುಣ ದುಡ್ಡು ಎಣಿಸಿ ಎಣಿಸಿ ಕೊಡುತ್ತಾನೆ. ಹಾಡುವವರು ಸ್ವರಗಳನ್ನು ಹಾಗೆ ಕೊಡಬೇಕು. ಎಲ್ಲವನ್ನೂ ಒಮ್ಮೆಲೆ ಚೆಲ್ಲಬಾರದು. ಒಂದೊಂದು ಸ್ವರದ ಬೆಲೆ ಕೇಳುವವರಿಗೆ ತಿಳಿಯಬೇಕು. ಗಂಗೂಬಾಯಿ ಹಾಗೆಯೇ ಹಾಡಿದರು. ಅವಸರ ಇಲ್ಲ. ಒಂದು ಸ್ವರದಲ್ಲಿ ನಿಂತು, ಅದನ್ನು ತುಂಬಿ, ಆಮೇಲೆ ಮುಂದಿನ ಸ್ವರಕ್ಕೆ ಹೋಗುತ್ತಿದ್ದರು.

ಮಗಳು ಕೃಷ್ಣಾ ಕೂಡ ಹಾಡುಗಾರ್ತಿ. ಕಚೇರಿಗಳಲ್ಲಿ ತಾಯಿಯ ಜೊತೆಗೆ ಕೂತು ಹಾಡುತ್ತಿದ್ದರು. ತಾಯಿಯದು ದಪ್ಪ ದನಿ, ಮಗಳದು ಸಣ್ಣ ದನಿ. ಎರಡೂ ಕೂಡಿ ಚಂದ ಕೇಳುತ್ತಿದ್ದವು. 2004ರಲ್ಲಿ ಆ ಮಗಳು ತಾಯಿಗಿಂತ ಮೊದಲೇ ತೀರಿಕೊಂಡರು.

ಬಾಯಿ ಯಾಕೆ ಬಾಯಿಯಾಗಿಯೇ ಉಳಿದಳು?

ಗಂಗೂಬಾಯಿ ಒಂದು ಪ್ರಶ್ನೆ ಕೇಳಿದ್ದರು. ಮುಸಲ್ಮಾನ ಗಂಡಸು ಚೆನ್ನಾಗಿ ಹಾಡಿದರೆ ಜನ ಅವನನ್ನು “ಉಸ್ತಾದ್” ಅನ್ನುತ್ತಾರೆ. ಹಿಂದೂ ಗಂಡಸು ಹಾಡಿದರೆ “ಪಂಡಿತ್” ಅನ್ನುತ್ತಾರೆ. ಹೆಂಗಸು ಎಷ್ಟೇ ಚೆನ್ನಾಗಿ ಹಾಡಿದರೂ “ಬಾಯಿ” ಆಗಿಯೇ ಉಳಿಯುತ್ತಾಳೆ. ಇದು ಯಾಕೆ?

ಇದು ಬರೀ ಹಾಡಿನ ಮಾತಲ್ಲ. ಹೊಲದಲ್ಲಿ ಹೆಣ್ಣುಮಕ್ಕಳು ಬಿತ್ತುತ್ತಾರೆ, ಕಳೆ ತೆಗೆಯುತ್ತಾರೆ, ಹತ್ತಿ ಬಿಡಿಸುತ್ತಾರೆ. ಆದರೂ “ರೈತ” ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಗಂಡಸೇ. ನಾವೂ ಇದನ್ನು ಕೇಳಬೇಕಲ್ಲವೆ?

ಕೊನೆಗೆ ಜನ ಗಂಗೂಬಾಯಿ ಅವರಿಗೆ ಮರ್ಯಾದೆ ಕೊಟ್ಟರು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂದವು. ಐದನೆಯ ಇಯತ್ತೆ ಕಲಿತವರ ಹೆಸರಿನಲ್ಲಿ ಇಂದು ಮೈಸೂರಿನಲ್ಲಿ ಒಂದು ಸಂಗೀತ ವಿಶ್ವವಿದ್ಯಾಲಯವೇ ಇದೆ. ಇಳಿವಯಸ್ಸಿನಲ್ಲಿ ಕ್ಯಾನ್ಸರ್ ಬಂದರೂ ಅವರು ಎದ್ದು ಬಂದು ಹಾಡಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಆಗ ವಯಸ್ಸು 96. ಅವರ ಕಣ್ಣುಗಳನ್ನು ದಾನ ಮಾಡಲಾಯಿತು.

ನಮ್ಮ ಕಡೆಯ ಹಾಡು

ಗದುಗಿನ ಪುಟ್ಟರಾಜ ಗವಾಯಿಗಳಿಗೆ ಎಳೆಯ ವಯಸ್ಸಿನಲ್ಲೇ ಕಣ್ಣು ಹೋದವು. ಆದರೂ ದೊಡ್ಡ ಗಾಯಕರಾದರು. ವೀರೇಶ್ವರ ಪುಣ್ಯಾಶ್ರಮದಲ್ಲಿ ಕುರುಡ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ಹಾಡು ಕಲಿಸಿದರು. ರಾಯಚೂರು ಕಡೆಯ ಸಿದ್ದರಾಮ ಜಂಬಲದಿನ್ನಿ ಅವರು ವಚನ ಹಾಡಿ ಹೆಸರಾದರು.

ಹೆಸರು ಬರದ ಹಾಡುಗಾರರೂ ನಮ್ಮಲ್ಲಿ ಬಹಳ ಜನ. ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ನಮ್ಮ ಕಡೆ ಏಕತಾರಿ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಮೊಹರಮ್ಮಿನಲ್ಲಿ ಹಿಂದೂಗಳು, ಮುಸಲ್ಮಾನರು ಕೂಡಿ ಪದ ಹಾಡುತ್ತಾರೆ. ಹೆಣ್ಣುಮಕ್ಕಳ ಬಾಯಲ್ಲಿ ಸೋಬಾನ ಪದ, ತೊಟ್ಟಿಲ ಪದ ಇವೆ. ಬೀಸುವ ಕಲ್ಲು ಹೋಗಿ ಗಿರಣಿ ಬಂತು. ಕೈ ನೋವು ತಪ್ಪಿತು, ಒಳ್ಳೆಯದಾಯಿತು. ಆದರೆ ಕಲ್ಲಿನ ಜೊತೆ ಹಾಡು ಹೋಗಬಾರದು. ಈಗ ನಮಗೆ ಅಕ್ಷರ ಬರುತ್ತದೆ. ಅವ್ವನ ಹಾಡು, ಅಜ್ಜಿಯ ಹಾಡು ಬರೆದಿಡೋಣ.

ಗಂಗೂಬಾಯಿ ಅವರ ಹಾಡನ್ನೂ ಕೇಳಬಹುದು. ಮನೆಯಲ್ಲಿ ಮೊಬೈಲ್ ಇದ್ದರೆ ಅದರಲ್ಲಿ “ಗಂಗೂಬಾಯಿ ಹಾನಗಲ್” ಎಂದು ನೀವೇ ಬರೆಯಿರಿ. ಹಾಡು ಬರುತ್ತದೆ. “ನನ್ನ ಬದುಕಿನ ಹಾಡು” ಎಂಬ ಪುಸ್ತಕದಲ್ಲಿ ಅವರು ತಮ್ಮ ಕತೆ ಹೇಳಿದ್ದಾರೆ. ಓದಲು ಸಿಕ್ಕರೆ ಬಿಡಬೇಡಿ.

ಮತ್ತೆ ಕಟ್ಟೆಯ ಮೇಲೆ

ಶಿರವಾಳದ ಕಟ್ಟೆಯ ಮೇಲೆ ಅಕ್ಕ ಕತೆ ಮುಗಿಸಿದಳು. ಮೊಬೈಲ್‌ನಲ್ಲಿ ಗಂಗೂಬಾಯಿ ಅವರ ಹಾಡು ಹಚ್ಚಿದಳು. ಆ ತಂಗಿ ಕಿವಿ ಕೊಟ್ಟು ಕೇಳಿದಳು.

“ಯವ್ವಾ, ಇದು ಹೆಣ್ಮಗಳ ದನಿ ಏನು?” ಅಂದಳು.

“ಹೌದು ತಂಗಿ. ಅವರ ದನಿ ಅವರದು. ನಿನ್ನ ದನಿ ನಿಂದು. ಒಂದು ಸೋಬಾನ ಎತ್ತು ನೋಡೋಣ.”

ತಂಗಿ ಮೊದಲು ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ ಸುರು ಮಾಡಿದಳು. ಎರಡನೆಯ ಸೊಲ್ಲಿಗೆ ಉಳಿದವರೂ ದನಿ ಕೂಡಿಸಿದರು. ಈ ಸಲ ಯಾರೂ ನಗಲಿಲ್ಲ.

ಕೂತು ಮಾತಾಡೋಣ

1. ಗಂಗೂಬಾಯಿ ಅವರ ದನಿ ಯಾಕೆ ಬದಲಾಯಿತು? ಆಗ ಅವರು ಏನು ಮಾಡಿದರು?
2. ಒಳ್ಳೆಯ ಹಾಡಿಗೆ ಬೇಕಾದ ಐದು ಸಂಗತಿ ಯಾವುವು?
3. ನಿಮ್ಮ ಓಣಿಯಲ್ಲಿ ಚೆನ್ನಾಗಿ ಹಾಡುವವರು ಯಾರು? ಅವರ ಹಾಡು ನಿಮಗೆ ಯಾಕೆ ಸೇರುತ್ತದೆ?
4. ನಿಮ್ಮ ಅವ್ವನಿಂದ ಕಲಿತ ಒಂದು ಹಾಡನ್ನು ನಿಮ್ಮ ಕೈಯಿಂದಲೇ ಬರೆಯಿರಿ.